ಎಕ್ಸ್‌ಪ್ರೆಸ್ ಅಲ್ಲದ ಎಕ್ಸ್‌ಪ್ರೆಸ್

ಕರೂರು ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸಕ್ಕೆ ಹೋಗುವ ಶೆಡ್ಡಿನ ಎದುರು ಒಂದು ಚಹಾದಂಗಡಿ ಇದೆ. ಅಲ್ಲಿ ಕೂತ ಯಾವ ಹುಡುಗನನ್ನಾದರೂ ಕೇಳಿ, ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ವಿನಯ್ ಕುಮಾರ್ ಎಷ್ಟು ರನ್ ಕೊಟ್ಟ ಅಂತ. ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ‘ನೂರಾ ಎರಡು’ ಅಂತಾನೆ. ರಣಜಿಯಲ್ಲಿ ಎಷ್ಟು ವಿಕೆಟ್ ತಗೊಂಡ ಅಂತ ಕೇಳಿದರೆ ಮಾತ್ರ ಪ್ಲೇಟಿನಲ್ಲಿರೋ ಮೆಣಸಿನಕಾಯಿ ಕಡೆ ನೋಡ್ತಾನೆ. (ಏಕವಚನಕ್ಕೆ ಬೇಜಾರಾಗಬೇಡಿ. ಆಟೋ ಓಡಿಸುವವರ ಮನೆಯಿಂದ ಹೋಗಿ ಭಾರತಕ್ಕೆ ಆಡಿದ ಊರ ಹುಡುಗನಿಗೆ ‘ಅವರು, ಇವರು’ ಅಂದರೆ ದೂರ ತಳ್ಳಿದಂಗಾಗುತ್ತೆ.)

ನನ್ನ ಮೊದಲ ತಕರಾರು ಆ ಅಡ್ಡಹೆಸರಿನ ಮೇಲೆ. ಜಾವಗಲ್ ಶ್ರೀನಾಥ್ ಮೈಸೂರು ಎಕ್ಸ್‌ಪ್ರೆಸ್ ಆಗಿದ್ದರಲ್ಲ, ಹಂಗಾಗಿ ಇವನು ದಾವಣಗೆರೆ ಎಕ್ಸ್‌ಪ್ರೆಸ್. ಆದರೆ ಶ್ರೀನಾಥ್ ನಿಜಕ್ಕೂ ವೇಗಿ. ಇವನದು ಗಂಟೆಗೆ 125–130 ಕಿಲೋಮೀಟರಿನ ಆಸುಪಾಸು, ಮಧ್ಯಮ ವೇಗ. ಇವನ ಬಂಡವಾಳವೇ ಬೇರೆ: ಸೀಮ್ ನೆಟ್ಟಗೆ ಹಿಡಿದು, ಹೊಸ ಚೆಂಡನ್ನು ಬಲಗೈ ಬ್ಯಾಟ್ಸ್‌ಮನ್‌ನಿಂದ ಆಚೆಗೆ ತಿರುಗಿಸಿ, ಅದೇ ಜಾಗಕ್ಕೆ ಹತ್ತು ಓವರ್ ಹಾಕುತ್ತಾ ಕೂರೋದು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಪ್ಯಾಸೆಂಜರ್ ರೈಲಿಗೆ ಎಕ್ಸ್‌ಪ್ರೆಸ್ ಬೋರ್ಡ್ ಹಾಕಿ, ಆಮೇಲೆ ಲೇಟಾಯ್ತು ಅಂತ ಬೈದೆವು ನಾವು.

ಆ ಬೋರ್ಡ್ ನಂಬಿದವರಲ್ಲಿ ಆಯ್ಕೆ ಮಾಡುವವರೂ ಇದ್ದರೇನೋ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಅಶ್ವಿನ್‌ನನ್ನು ಬಿಟ್ಟು ವಿನಯ್‌ನನ್ನು ನಾಲ್ಕನೇ ವೇಗಿಯಾಗಿ ಆಡಿಸಿದರು. ಡೇವಿಡ್ ವಾರ್ನರ್ 180 ಬಾರಿಸಿದ. ಇವನಿಗೆ 13 ಓವರ್, 73 ರನ್, ಒಂದು ವಿಕೆಟ್. ಟೆಸ್ಟ್ ಜೀವನ ಅಲ್ಲಿಗೆ ಶುರುವಾಗಿ ಅಲ್ಲಿಗೇ ಮುಗಿಯಿತು.

ಇನ್ನು ಆ ನೂರಾ ಎರಡು. 2013ರ ನವೆಂಬರ್ 2, ನರಕ ಚತುರ್ದಶಿ. ಹೊರಗೆ ಪಟಾಕಿ, ಒಳಗೆ ಟಿವಿ. ರೋಹಿತ್ ಶರ್ಮಾ 209 ಹೊಡೆದ ಪಂದ್ಯ. ಭಾರತ 383, ಆಸ್ಟ್ರೇಲಿಯಾ 326, ನಾವೇ ಗೆದ್ದಿದ್ದು. ವಿನಯ್ 9 ಓವರಿಗೆ 102. ಏಕದಿನ ಪಂದ್ಯದಲ್ಲಿ ನೂರು ದಾಟಿದ ಮೊದಲ ಭಾರತೀಯ ಬೌಲರ್, ಅದೂ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ತನ್ನವರ ಎದುರಿಗೇ. ಆಮೇಲೆ ಅವನಿಗೆ ಭಾರತದ ಅಂಗಿ ಸಿಗಲೇ ಇಲ್ಲ.

ಚಹಾದಂಗಡಿಯಲ್ಲಿ ಯಾರೂ ಹೇಳದ ಮಾತು ಒಂದಿದೆ. ಹಿಂದಿನ ವರ್ಷವಷ್ಟೇ ನಿಯಮ ಬದಲಾಗಿ, ಪವರ್‌ಪ್ಲೇ ಇಲ್ಲದ ಓವರುಗಳಲ್ಲೂ ವೃತ್ತದ ಹೊರಗೆ ನಾಲ್ವರೇ ಫೀಲ್ಡರು ನಿಲ್ಲಬೇಕಾಗಿತ್ತು. ಅದೇ ಸರಣಿಯಲ್ಲಿ ಜೈಪುರದಲ್ಲಿ 360, ನಾಗಪುರದಲ್ಲಿ 351 ಗುರಿಯನ್ನು ಭಾರತ ಬೆನ್ನಟ್ಟಿ ಮುಟ್ಟಿತ್ತು. ಎರಡೂ ಕಡೆ ಬೌಲರುಗಳು ಹಿಟ್ಟಾಗಿದ್ದರು. ಕೊನೆಯ ಹತ್ತು ಓವರಿಗೆ ಐವರು ಹೊರಗಿರಲಿ ಅಂತ ಐಸಿಸಿಗೆ ಬುದ್ಧಿ ಬಂದಿದ್ದು 2015ರಲ್ಲಿ. ವಿನಯ್‌ಗೆ ಅದರಿಂದ ಏನು ಬಂತು?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ವಿಷಯಕ್ಕೆ ಒಂದು ವ್ಯವಸ್ಥೆ ಇದೆ. ಆಟ ಶುರು ಮಾಡಿ ಎಸೆಯುವವನೇ ಬೇರೆ, ಕೊನೆಗೆ ಬಂದು ಎಸೆಯುವವನೇ ಬೇರೆ. ಗೆಲುವನ್ನು ಕೈಬಿಡದೆ ಆಟ ಮುಗಿಸಿಕೊಟ್ಟರೆ ಆ ಕೊನೆಯವನ ಹೆಸರಿಗೆ ‘ಸೇವ್’ ಅಂತ ಬರೆಯುತ್ತಾರೆ. 1969ರಿಂದ ಅದು ಅಧಿಕೃತ ಲೆಕ್ಕ. ನ್ಯೂಯಾರ್ಕ್ ಯಾಂಕೀಸ್‌ನ ಮರಿಯಾನೊ ರಿವೇರಾ ಹೆಸರಿನಲ್ಲಿ 652 ಸೇವ್‌ಗಳಿವೆ. ನಮ್ಮಲ್ಲಿ ಕೊನೇ ಓವರ್ ಉಳಿಸಿಕೊಟ್ಟವನಿಗೆ ಅಂಥ ಖಾತೆಯೇ ಇಲ್ಲ. ಕಳೆದುಕೊಂಡರೆ ಮಾತ್ರ ಫೋಟೊ ಸಮೇತ ಇದೆ. ಮೇಲಾಗಿ, ಹೊಸ ಚೆಂಡು ಹಾಕೋಕೆ ಹುಟ್ಟಿದವನನ್ನೇ ಕೊನೆಗೂ ಕರೆದು, ಬಿರುಸೇ ಇಲ್ಲದ ತೋಳಿನಿಂದ ಯಾರ್ಕರ್ ಹಾಕಪ್ಪಾ ಅಂತೀವಿ.

ಹೊಸ ಚೆಂಡಿನ ವಿನಯ್ ಬೇಕಂದರೆ ರಣಜಿಗೆ ಹೋಗಬೇಕು. 1998–99ರ ನಂತರ ಕರ್ನಾಟಕಕ್ಕೆ ಆ ಟ್ರೋಫಿ ಸಿಕ್ಕಿರಲಿಲ್ಲ. 2010ರ ಮೈಸೂರಿನ ಫೈನಲ್‌ನಲ್ಲಿ ಮುಂಬೈ ಎದುರು ಬರೀ ಆರು ರನ್ನಿನಿಂದ ಸೋತ ಸಂಕಟ ಬೇರೆ. ಇವನ ನಾಯಕತ್ವದಲ್ಲಿ 2013–14ರಲ್ಲಿ ಗೆದ್ದರು, ಮರುವರ್ಷವೂ ಗೆದ್ದರು. ಎರಡೂ ವರ್ಷ ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿಗಳೂ ಜತೆಗೆ ಬಂದವು. 2015ರ ಮಾರ್ಚ್‌ನಲ್ಲಿ ವಾಂಖೆಡೆ ಫೈನಲ್ ನೋಡಿ: ತಮಿಳುನಾಡು 134ಕ್ಕೆ ಉದುರಿತು, ವಿನಯ್‌ಗೆ 34 ರನ್ನಿಗೆ 5. ಕರುಣ್ ನಾಯರ್ 328 ಹೊಡೆದಿದ್ದು ಎಲ್ಲರಿಗೂ ನೆನಪಿದೆ. ಅದೇ ಇನಿಂಗ್ಸ್‌ನಲ್ಲಿ ಈ ಬೌಲರ್ ಔಟಾಗದೆ 105 ಹೊಡೆದಿದ್ದ ಅನ್ನೋದು ನಮ್ಮ ಶೆಡ್ಡಿನಲ್ಲಿ ಇಬ್ಬರಿಗೆ ಗೊತ್ತು, ನನ್ನನ್ನೂ ಸೇರಿಸಿ.

ಹಾಗಂತ ವಕಾಲತ್ತು ಮಾಡ್ತಿಲ್ಲ. ಅವನ ನಿಧಾನದ ಚೆಂಡು ಕಾಲ ಕಳೆದಂತೆ ಎಲ್ಲರಿಗೂ ಗುರುತು ಸಿಗೋಕೆ ಶುರುವಾಯಿತು. ಅದಕ್ಕೆ ಬದಲಿ ಅಸ್ತ್ರ ಅವನು ಕಂಡುಕೊಳ್ಳಲಿಲ್ಲ. 105 ಐಪಿಎಲ್ ಪಂದ್ಯ ಆಡಿ 105 ವಿಕೆಟ್ ತಗೊಂಡವನಿಗೆ ಕೊನೇ ಓವರಿನ ಯಾರ್ಕರ್ ಕೈಗೆ ಕೂತಿರಬೇಕಿತ್ತು ಅಂದರೆ ಅದು ಅನ್ಯಾಯದ ಮಾತಲ್ಲ. 2018ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ಕೋಲ್ಕತ್ತಾ ಪರ ಹದಿನೇಳು ರನ್ ಉಳಿಸಬೇಕಿತ್ತು. ಮೊದಲ ಎಸೆತವೇ ನೋಬಾಲ್, ಅದಕ್ಕೇ ಸಿಕ್ಸರ್. ಜಡೇಜ ಇನ್ನೊಂದು ಸಿಕ್ಸರ್ ಬಾರಿಸಿ ಆಟ ಮುಗಿಸಿದ.

ಆ ರಾತ್ರಿ ನನ್ನ ಮೊಬೈಲಿಗೆ ಅವನನ್ನು ಗೇಲಿ ಮಾಡೋ ಚಿತ್ರ ಬಂತು. ನಕ್ಕೆ. ಮೂರು ಗ್ರೂಪಿಗೆ ಕಳಿಸಿದೆ, ಅದರಲ್ಲಿ ಒಂದು ನಮ್ಮ ಊರಿನವರದ್ದೇ. ಅದಕ್ಕೆ ನಾಲ್ಕು ತಿಂಗಳು ಹಿಂದೆ, ಡಿಸೆಂಬರಿನಲ್ಲಿ, ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಇವನೇ ಮುಂಬೈನ ಮೇಲೆ ಹ್ಯಾಟ್ರಿಕ್ ಮಾಡಿದ್ದ. ಮೊದಲ ಓವರಿನ ಕೊನೆಯ ಚೆಂಡಿಗೆ ಪೃಥ್ವಿ ಶಾ, ತನ್ನ ಮುಂದಿನ ಓವರಿನ ಮೊದಲ ಎರಡು ಚೆಂಡಿಗೆ ಇನ್ನಿಬ್ಬರು. ಒಟ್ಟು 34ಕ್ಕೆ 6. ಕರ್ನಾಟಕದ ಪರ ಅವನ ನೂರನೇ ರಣಜಿ ಪಂದ್ಯ ಅದು. ಅವತ್ತು ನಾನು ಯಾವ ಗ್ರೂಪಿಗೂ ಏನೂ ಕಳಿಸಿರಲಿಲ್ಲ.

2021ರ ಫೆಬ್ರವರಿಯಲ್ಲಿ ನಿವೃತ್ತಿ ಹೇಳಿದಾಗ ಅವನ ಪ್ರಥಮ ದರ್ಜೆ ವಿಕೆಟ್ 504. ಹೋದ ವಾರ ನಮ್ಮ ಶೆಡ್ಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಈ ನಾಗಪುರದ ಕಥೆ ಹೇಳಿದೆ. ಸುಳ್ಳು ಹೇಳ್ತೀನಿ ಅನ್ನೋ ಹಂಗೆ ಮುಖ ನೋಡಿದ. ‘ಅಣ್ಣ, ವಿಡಿಯೋ ಇದ್ರೆ ಕಳಿಸು’ ಅಂದ. ಊಟದ ಬಿಡುವಿನಲ್ಲಿ ಹುಡುಕ್ತಾ ಕೂತೆ. ಚೆನ್ನೈನ ಆ ಕೊನೇ ಓವರ್ ಮೊದಲು ಬಂತು.