ಕರ್ಬಲೆಯ ಕಥೆ, ಕನ್ನಡದ ಪದ

ಕ್ರಿ.ಶ. 680ರ ಕರ್ಬಲಾ ಕದನ ಉತ್ತರ ಕರ್ನಾಟಕದಲ್ಲಿ ಕನ್ನಡದ ಕಥೆಯೇ ಆಗಿಬಿಟ್ಟಿದೆ. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಕ್ಕಳಾದ ಹಸನ್ ಹುಸೇನರು ನಮ್ಮೂರ ವೀರರಂತೆ ಬರುತ್ತಾರೆ. ಹಾಡುವವರಲ್ಲಿ ಮುಸ್ಲಿಮರಲ್ಲದವರೂ ಅನೇಕರು. ಗಡಿಯಾಚೆ ಆಂಧ್ರದಲ್ಲಿರುವ ರಾಯದುರ್ಗ, ಮಡಕಶಿರಾದ ಕನ್ನಡಿಗರಿಗೂ ಮೊಹರಂ, ಅಂದರೆ ಪೀರಲ ಹಬ್ಬ, ಹೊಸದಲ್ಲ. ರಾಯದುರ್ಗವಂತೂ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.

ಈ ರಿವಾಯತ್ ಪದಗಳು ಚರಿತ್ರೆಗೆ ನಿಷ್ಠವಲ್ಲ ಎಂಬ ಆಕ್ಷೇಪವಿದೆ. ನಿಜ, ಅರಬರ ಮರಳುಗಾಡು ಇಲ್ಲಿ ಎರೆಹೊಲದ ಮಾತಾಡುತ್ತದೆ. ಆದರೆ ಪೂರ್ವ ಆಫ್ರಿಕಾದ ಸ್ವಾಹಿಲಿ ಕಥನಕಾವ್ಯ ‘ಉತೆಂದಿ’ಯನ್ನು ನೋಡಿ: ಎಂಟೆಂಟು ಅಕ್ಷರಗಳ ನಾಲ್ಕು ಪಾದ, ಮೊದಲ ಮೂರಕ್ಕೆ ಒಂದೇ ಅಂತ್ಯಪ್ರಾಸ, ನಾಲ್ಕನೆಯದರ ಪ್ರಾಸ ಕಾವ್ಯದುದ್ದಕ್ಕೂ ಒಂದೇ. 1728ರದೆನ್ನಲಾದ ‘ಉತೆಂದಿ ವಾ ತಂಬುಕಾ’ದಲ್ಲಿ ರೋಮನ್ ಚಕ್ರವರ್ತಿಯೊಡನೆ ಘೋರ ಯುದ್ಧ ನಡೆಯುತ್ತದೆ, ಆದರೆ ಚರಿತ್ರೆಯಲ್ಲಾದ ಪ್ರವಾದಿಯ ತಬೂಕ್ ದಂಡಯಾತ್ರೆಯಲ್ಲಿ ಕದನವೇ ಆಗಲಿಲ್ಲ. ಆ ಕಾವ್ಯವನ್ನು ಸುಳ್ಳೆಂದು ಯಾರೂ ಬದಿಗಿಟ್ಟಿಲ್ಲ, ಸ್ವಾಹಿಲಿಯ ಮಹಾಕಾವ್ಯವೆಂದೇ ಓದುತ್ತಾರೆ. ಆ ಗೌರವ ನಮ್ಮ ಪದಗಳಿಗೂ ಸಲ್ಲಬೇಕು. ಗಡಿಯ ಹಳ್ಳಿಗಳಲ್ಲಿ ಇಂಥ ಪದ ಬಲ್ಲ ಹಿರಿಯರಿದ್ದರೆ, ಈ ಮೊಹರಂನಲ್ಲೇ ಕೂತು ಬರೆದುಕೊಳ್ಳಿ.