ಶ್ರೀಲಂಕಾದ ಚೇತರಿಕೆ: ಬೆಲೆ ತೆತ್ತವರು ಯಾರು?

2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿದ್ದ ಶ್ರೀಲಂಕಾವನ್ನು ಈಗ ಚೇತರಿಕೆಯ ಮಾದರಿಯೆಂದು ಹೊಗಳುವವರಿದ್ದಾರೆ. ಹೊಗಳಿಕೆಗೆ ಆಧಾರವೂ ಇದೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಶೇ 70ರ ಆಸುಪಾಸಿನಲ್ಲಿದ್ದ ಹಣದುಬ್ಬರ ವರ್ಷದೊಳಗೆ ಒಂದಂಕಿಗೆ ಇಳಿಯಿತು. 2023ರ ಮಾರ್ಚ್‌ನಲ್ಲಿ ಐಎಂಎಫ್ ಮಂಜೂರು ಮಾಡಿದ ಸುಮಾರು 300 ಕೋಟಿ ಡಾಲರ್ ನೆರವು ಸಾಲದಾತರ ವಿಶ್ವಾಸವನ್ನು ಮರಳಿ ತಂದಿತು. ಲೆಕ್ಕಪತ್ರ ಸರಿಹೋಯಿತು. ಹೊರೆಯ ಹಂಚಿಕೆ ಮಾತ್ರ ನ್ಯಾಯವಾಗಿ ಆಗಲಿಲ್ಲ.

ಬಿಕ್ಕಟ್ಟಿನ ಬೇರುಗಳು ಆಳುವವರ ತೀರ್ಮಾನಗಳಲ್ಲಿದ್ದವು. 2019ರ ಕೊನೆಯಲ್ಲಿ ಗೊಟಬಯ ರಾಜಪಕ್ಸ ಸರ್ಕಾರ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿ ಬೊಕ್ಕಸ ಸೊರಗಿಸಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿ ಭತ್ತ, ಚಹಾ ಬೆಳೆಗಾರರನ್ನು ನಷ್ಟಕ್ಕೆ ತಳ್ಳಿತು. ಇದಕ್ಕೆ ದಂಡ ತೆತ್ತವರು ಜನಸಾಮಾನ್ಯರು. 2024ರ ಜನವರಿಗೆ ವ್ಯಾಟ್ ಶೇ 18 ಆಯಿತು. ವಿಶ್ವಬ್ಯಾಂಕ್ ಅಂದಾಜಿನಂತೆ 2023ರಲ್ಲಿ ಕಾಲು ಭಾಗದಷ್ಟು ಜನ ಬಡತನದಲ್ಲಿದ್ದರು.

ಅತ್ಯಂತ ಆಕ್ಷೇಪಾರ್ಹ ನಡೆಯೆಂದರೆ 2023ರ ದೇಶೀಯ ಸಾಲದ ಮರುಹೊಂದಾಣಿಕೆ. ಸರ್ಕಾರಿ ಬಾಂಡ್‌ಗಳ ವಿಷಯದಲ್ಲಿ ಬ್ಯಾಂಕುಗಳಿಗೆ ವಿನಾಯಿತಿ ಸಿಕ್ಕಿತು. ಕಾರ್ಮಿಕರ ಭವಿಷ್ಯನಿಧಿ ಕಡಿಮೆ ಬಡ್ಡಿಯ, ದೀರ್ಘಾವಧಿಯ ಬಾಂಡ್‌ಗಳನ್ನು ಒಪ್ಪಬೇಕಾಯಿತು. ಬ್ಯಾಂಕುಗಳು ಕುಸಿದರೆ ಠೇವಣಿದಾರರೂ ಮುಳುಗುತ್ತಾರೆಂಬ ಸಮರ್ಥನೆಯನ್ನು ತಳ್ಳಿಹಾಕಲಾಗದು. ಆದರೆ ಬ್ಯಾಂಕು ಉಳಿಸಲು ಗಾರ್ಮೆಂಟ್ಸ್ ಹೆಣ್ಣುಮಗಳ ನಿವೃತ್ತಿಯ ಉಳಿತಾಯಕ್ಕೇ ಕೈಹಾಕಬೇಕಿತ್ತೇ? ಸಿರಿವಂತರ ಆಸ್ತಿಯ ಮೇಲೆ ತೆರಿಗೆ ಹಾಕಲು ಅದೇ ಅವಸರ ಕಾಣಲಿಲ್ಲ.

ಪ್ರಜಾಸತ್ತೆಗೂ ಪೆಟ್ಟು ಬಿತ್ತು. ಹಣವಿಲ್ಲವೆಂದು 2023ರ ಸ್ಥಳೀಯ ಚುನಾವಣೆಯನ್ನೇ ಮುಂದೂಡಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ರಾಜಪಕ್ಸ ಸಹೋದರರೂ ಸೇರಿದಂತೆ ಹಲವರನ್ನು ಆರ್ಥಿಕ ಕುಸಿತಕ್ಕೆ ಹೊಣೆಯಾಗಿಸಿತು. ತೀರ್ಪು ಐತಿಹಾಸಿಕ, ಆದರೆ ಅದರಿಂದ ಯಾರಿಗೂ ಸೆರೆವಾಸವಾಗಲಿಲ್ಲ.

ಇದೆಲ್ಲದರ ಬಗ್ಗೆ ಜನರಲ್ಲಿದ್ದ ಸಿಟ್ಟೇ 2024ರಲ್ಲಿ ಅನುರ ಕುಮಾರ ದಿಸ್ಸನಾಯಕೆ ಅವರನ್ನು ಅಧ್ಯಕ್ಷರನ್ನಾಗಿಸಿತು. ಅವರ ಮೈತ್ರಿಕೂಟಕ್ಕೆ 225ರಲ್ಲಿ 159 ಸ್ಥಾನ ಕೊಟ್ಟಿತು. ಐಎಂಎಫ್ ಜೊತೆಗಿನ ಒಪ್ಪಂದವನ್ನು ಅವರು ಮುರಿಯಲಿಲ್ಲ, ಅದು ವಿವೇಕವೇ. ಆದರೆ ಇಷ್ಟು ದೊಡ್ಡ ಬಹುಮತ ಪಡೆದವರು ನೇರ ತೆರಿಗೆ ಹೆಚ್ಚಿಸಿ, ಅಕ್ಕಿ-ಬೇಳೆ ಕೊಳ್ಳುವವರ ಮೇಲಿನ ಭಾರ ತಗ್ಗಿಸಲೇಬೇಕು. ಅದನ್ನು ಮಾಡದಿದ್ದರೆ ಸರ್ಕಾರ ಮಾತ್ರ ಬದಲಾಗಿರುತ್ತದೆ, ಹೊರೆ ಹೊರುವವರು ಬದಲಾಗಿರುವುದಿಲ್ಲ.