ನಡುವಿನ ಸಂಪುಟದ ಸಂಕಟ

ಮೂರು ಸಂಪುಟಗಳಲ್ಲಿ ಹರಡಿಕೊಂಡ ಕಥೆಯಲ್ಲಿ ನಡುವಿನದರ ಪಾಡು ಯಾವಾಗಲೂ ಕಷ್ಟದ್ದೇ. ಮೊದಲನೆಯದಕ್ಕೆ ಹೊಸ ಲೋಕವನ್ನು ತೆರೆದು ತೋರಿಸುವ ಬೆರಗು ಇರುತ್ತದೆ. ಕೊನೆಯದಕ್ಕೆ ಮುಗಿಸಿದ ನೆಮ್ಮದಿ ಇರುತ್ತದೆ. ನಡುವಿನದಕ್ಕೆ ಎರಡೂ ಇಲ್ಲ. ಆದುದರಿಂದ ಎರಡನೆಯ ಸಂಪುಟ ಸಪ್ಪೆಯಾದರೆ ಓದುಗರು ಅದನ್ನು ಸಾಮಾನ್ಯವಾಗಿ ಕ್ಷಮಿಸಿಬಿಡುತ್ತಾರೆ. ಆದರೆ ಕ್ಷಮಿಸುವ ಮೊದಲು, ಕೃತಿ ಸೋತದ್ದು ಸ್ಥಾನದ ದೋಷದಿಂದಲೋ ಕೈಯ ದೋಷದಿಂದಲೋ ಎಂದು ವಿಚಾರಿಸಬೇಕಾದದ್ದು ನ್ಯಾಯ. ತೋಮಿ ಅಡೆಯೆಮಿ ಅವರ 'ಚಿಲ್ಡ್ರನ್ ಆಫ್ ವರ್ಚ್ಯೂ ಅಂಡ್ ವೆಂಜನ್ಸ್' (೨೦೧೯) ಇಂಥ ವಿಚಾರಣೆಗೆ ತಕ್ಕ ಕಾದಂಬರಿ.

ಅಡೆಯೆಮಿ ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ. ಹದಿಹರೆಯದವರಿಗಾಗಿ ಅವರು ಬರೆದ ಮೊದಲ ಸಂಪುಟ 'ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್' ೨೦೧೮ರಲ್ಲಿ ಪ್ರಕಟವಾದಾಗ ಅದಕ್ಕೆ ದೊರೆತ ಆದರ ಅಲ್ಪವಾದುದಲ್ಲ. ಆ ಆದರ ಸಲ್ಲತಕ್ಕದ್ದೇ ಆಗಿತ್ತು. ಇಂಗ್ಲಿಷಿನ ಮಾಯಾಕಥೆಗಳು ಬಹುಕಾಲ ಯೂರೋಪಿನ ಕೋಟೆಕೊತ್ತಲಗಳನ್ನೂ ಕಿನ್ನರರನ್ನೂ ನೆಚ್ಚಿಕೊಂಡು ಬಂದವು. ಅಡೆಯೆಮಿ ಆ ಬಾಗಿಲನ್ನು ಬಿಟ್ಟು ಪಶ್ಚಿಮ ಆಫ್ರಿಕದ ಯೊರುಬಾ ಜನರ ದೇವತೆಗಳ ಕಡೆಗೆ ತಿರುಗಿದರು. ಅವರ ಕಲ್ಪನೆಯ ನಾಡಿನ ಹೆಸರೇ 'ಓರಿಷಾ'; ಯೊರುಬಾ ಭಾಷೆಯಲ್ಲಿ ಆ ಮಾತಿಗೆ ದೇವತೆ ಎಂದರ್ಥ. ಅಲ್ಲಿನ ಮಂತ್ರಗಳೂ ಯೊರುಬಾದಲ್ಲಿಯೇ ಇವೆ.

ಕಥೆಯ ಬೀಜ ಸರಳವಾದುದು. ಮಂತ್ರಶಕ್ತಿಯುಳ್ಳ ಜನರನ್ನು ಸಾರಾನ್ ಎಂಬ ಅರಸ ಹನ್ನೊಂದು ವರ್ಷಗಳ ಹಿಂದೆ ಕೊಲ್ಲಿಸಿದ್ದಾನೆ. ಮಂತ್ರವೂ ನಾಡಿನಿಂದ ಮಾಯವಾಗಿದೆ. ಉಳಿದವರ ಬಿಳಿಯ ಕೂದಲೇ ಅವರಿಗೆ ಅಂಟಿದ ಕಳಂಕ. ತಾಯಿಯನ್ನು ಆ ಕೊಲೆಯಲ್ಲಿ ಕಳೆದುಕೊಂಡ ಝೇಲಿ, ಅರಸನ ಮಗಳಾಗಿದ್ದೂ ಅರಮನೆಯಿಂದ ಓಡಿಬಂದ ಅಮಾರಿ, ಅವರನ್ನು ಬೆನ್ನಟ್ಟುತ್ತಲೇ ತನ್ನೊಳಗೂ ಮಂತ್ರವಿರುವುದನ್ನು ಕಂಡು ನಡುಗುವ ರಾಜಕುಮಾರ ಇನಾನ್: ಈ ಮೂವರ ಬಾಯಿಂದ ಕಥೆ ಸಾಗುತ್ತದೆ. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕರಿಯ ಜನರ ನೋವೇ ತಮ್ಮನ್ನು ಬರೆಯಲು ಪ್ರೇರಿಸಿತೆಂದು ಲೇಖಕಿಯೇ ತಿಳಿಸಿದ್ದಾರೆ. ಆ ನೋವು ಮೊದಲ ಸಂಪುಟದ ಪುಟಗಳಲ್ಲಿ ಬಿಸಿಯಾಗಿಯೇ ಇದೆ.

ಆ ಸಂಪುಟದ ಕೊನೆಯಲ್ಲಿ ಒಂದು ಅಪೂರ್ವವಾದ ತಿರುವು ಬರುತ್ತದೆ. ಝೇಲಿ ಮಂತ್ರವನ್ನು ನಾಡಿಗೆ ಮರಳಿಸುತ್ತಾಳೆ. ಆದರೆ ಅದು ಪೀಡಿತರಿಗೆ ಮಾತ್ರ ಮರಳಲಿಲ್ಲ, ಪೀಡಿಸಿದ ಕುಲೀನರಲ್ಲಿ ಕೆಲವರಿಗೂ ದಕ್ಕಿತು. ಗೆದ್ದವರು ತಮ್ಮ ಗೆಲುವಿನಿಂದಲೇ ವೈರಿಗೂ ಆಯುಧ ಕೊಟ್ಟಂತಾಯಿತು. ಎರಡನೆಯ ಸಂಪುಟಕ್ಕೆ ಇದಕ್ಕಿಂತ ದೊಡ್ಡ ಬಂಡವಾಳ ಬೇಕೆ? ಗೆದ್ದ ಮೇಲೆ ಏನು? ಸಿಟ್ಟೇ ಬದುಕಿನ ಆಸರೆಯಾಗಿದ್ದವರು ಆ ಸಿಟ್ಟನ್ನು ಎಲ್ಲಿ ಇಳಿಸಬೇಕು? ತೀರ ದೊಡ್ಡವರು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಲೇಖಕಿ ಎಳೆಯರ ಮುಂದಿಟ್ಟರು. ನಿರಾಶೆಯಾಗುವುದು ಅದನ್ನು ಇಟ್ಟು ಅಲ್ಲಿಂದ ಎದ್ದುಹೋದುದರಿಂದ.

ಎರಡನೆಯ ಸಂಪುಟದಲ್ಲಿ ಅಮಾರಿ ಸಿಂಹಾಸನವನ್ನು ಬಯಸುತ್ತಾಳೆ. ಸತ್ತನೆಂದು ತಿಳಿದಿದ್ದ ಇನಾನ್ ಬದುಕಿ ಅರಸನಾಗುತ್ತಾನೆ. ಅವರ ತಾಯಿ ನೆಹಾಂಡಾ ಹೊಸ ಶಕ್ತಿಯಿಂದ ಮೆರೆಯುತ್ತಾಳೆ. ಝೇಲಿ ಬಂಡುಕೋರರನ್ನು ಸೇರುತ್ತಾಳೆ. ಮುಂದೆ ಆಗುವುದೆಲ್ಲ ಒಂದೇ ಚಕ್ರ: ಹೋರಾಟ, ಸಂಶಯ, ಮುರಿದ ಮಾತು, ಮತ್ತೆ ಹೋರಾಟ. ಸಂಧಿಯ ಪ್ರಯತ್ನಗಳು ನಡೆಯುತ್ತವೆ, ನಿಜ. ಆದರೆ ಅವು ಮುರಿಯುವುದು ಸಿದ್ಧಾಂತಗಳ ಘರ್ಷಣೆಯಿಂದಲ್ಲ. ಒಬ್ಬರು ಇನ್ನೊಬ್ಬರ ಮಾತನ್ನು ಪೂರ್ತಿ ಕೇಳದೆ ಹೋದುದರಿಂದ. ಇಲ್ಲಿ ನಮ್ಮ ಉದ್ಯೋಗಪರ್ವ ನೆನಪಿಗೆ ಬಾರದಿರದು. ಸಂಧಿ ಆಗದೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆದರೂ ಆಡಿದ ಪ್ರತಿಯೊಂದು ಮಾತಿಗೂ ತೂಕವಿದೆ, ಏಕೆಂದರೆ ಪ್ರತಿಯೊಬ್ಬನಿಗೂ ತನ್ನದೇ ಆದ ನ್ಯಾಯವಿದೆ. ಅಡೆಯೆಮಿಯವರ ಪಾತ್ರಗಳಿಗೆ ಗಾಯಗಳಿವೆ, ವಾದಗಳಿಲ್ಲ.

ಪಾತ್ರಗಳ ದನಿಯಲ್ಲಿಯೂ ಇದೇ ಕೊರತೆ. ಮೂವರೂ 'ನಾನು' ಎಂದೇ ಹೇಳಿಕೊಳ್ಳುತ್ತಾರೆ; ಮೂವರೂ ಒಂದೇ ಬಗೆಯಲ್ಲಿ ಉಸಿರುಗಟ್ಟುತ್ತಾರೆ, ಹಲ್ಲು ಕಚ್ಚುತ್ತಾರೆ. ಅಧ್ಯಾಯದ ತಲೆಯ ಮೇಲಿನ ಹೆಸರನ್ನು ಮುಚ್ಚಿ ಓದಿದರೆ ಮಾತನಾಡುತ್ತಿರುವವರು ಯಾರೆಂದು ಹೇಳುವುದು ಎಷ್ಟೋ ಕಡೆ ಕಷ್ಟ.

ಹನ್ನೊಂದನೆಯ ಶತಮಾನದ ಮಮ್ಮಟ ತನ್ನ 'ಕಾವ್ಯಪ್ರಕಾಶ'ದಲ್ಲಿ ರಸದೋಷಗಳನ್ನು ಎಣಿಸುವಾಗ, ಒಮ್ಮೆ ಉರಿದು ಪೂರ್ಣವಾದ ಭಾವವನ್ನು ಮತ್ತೆ ಮತ್ತೆ ಕೆದಕಿ ಉರಿಸುವುದೂ ಒಂದು ದೋಷವೆಂದಿದ್ದಾನೆ. ಅದಕ್ಕೆ ಉದಾಹರಣೆಯಾಗಿ ಕಾಳಿದಾಸನ ರತಿವಿಲಾಪವನ್ನೇ ಹೆಸರಿಸಲು ಅವನು ಅಂಜಲಿಲ್ಲ. ಸಮಯವಲ್ಲದ ಸಮಯದಲ್ಲಿ ರಸವನ್ನು ವಿಸ್ತರಿಸುವುದು ಅವನು ಹೇಳಿದ ಮತ್ತೊಂದು ದೋಷ. ಯುದ್ಧದ ನಡುವೆ ಶೃಂಗಾರವನ್ನು ತಂದ 'ವೇಣೀಸಂಹಾರ'ದ ಎರಡನೆಯ ಅಂಕ ಅದಕ್ಕೆ ನಿದರ್ಶನ. ಈ ಎರಡು ದೋಷಗಳಿಗೂ ನಮ್ಮ ಕಾದಂಬರಿ ಈಡಾಗಿದೆ. ಝೇಲಿಯ ರೋಷ ಮೊದಲ ಅಧ್ಯಾಯಗಳಲ್ಲಿಯೇ ಶಿಖರ ಮುಟ್ಟಿದೆ; ಅಲ್ಲಿಂದ ಮುಂದೆ ಅದು ಏರಲಾರದು, ಇಳಿಯಲೂ ಲೇಖಕಿ ಬಿಡರು. ನಡುವೆ ರೋಯೆನ್ ಎಂಬ ಕೂಲಿ ಸೈನಿಕನೊಡನೆ ಅವಳ ಪ್ರಣಯ ನುಗ್ಗಿಬರುತ್ತದೆ. ಆಪ್ತರು ಸಾಯುತ್ತಾರೆ, ಅಳಲು ಪುರಸೊತ್ತಿಲ್ಲದೆ ಮುಂದಿನ ಕಾಳಗ ಆರಂಭವಾಗುತ್ತದೆ. ಶೋಕಕ್ಕೆ ಅವಕಾಶವಿಲ್ಲದಿದ್ದರೆ ಸಾವು ಬರಿಯ ಲೆಕ್ಕವಾಗುತ್ತದೆ.

ಕೃತಿಗೆ ಅನ್ಯಾಯ ಮಾಡಬಾರದು. ಒಂದು ಸನ್ನಿವೇಶದಲ್ಲಿ ಅಮಾರಿ ಗೆಲುವಿಗಾಗಿ ಒಂದು ಹಳ್ಳಿಯನ್ನೇ, ಅದರೊಡನೆ ತನ್ನ ಸಂಗಾತಿಗಳನ್ನೂ ಬಲಿಕೊಡಲು ಮುಂದಾಗುತ್ತಾಳೆ. ತಂದೆಯ ಕ್ರೌರ್ಯವನ್ನು ದ್ವೇಷಿಸಿ ಅವನನ್ನು ಕೊಂದ ಮಗಳು ತಂದೆಯ ತರ್ಕವನ್ನೇ ತನ್ನದಾಗಿಸಿಕೊಂಡಿದ್ದಾಳೆ! ಇಲ್ಲಿ ಓದುಗನ ಎದೆ ನಿಜವಾಗಿ ಝಲ್ಲೆನ್ನುತ್ತದೆ. ಇಡೀ ಸಂಪುಟ ಈ ಒಂದು ಬಿಂದುವಿನ ಕಡೆಗೆ ನಡೆದಿದ್ದರೆ, ಇಲ್ಲಿ ನಿಂತು ಯೋಚಿಸಿದ್ದರೆ, ಅದು ಮೊದಲನೆಯದನ್ನೂ ಮೀರಿಸುತ್ತಿತ್ತು. ಆದರೆ ಆ ಪಾಪದ ಭಾರ ಅಮಾರಿಯ ಮೇಲೆ ಕೂರುವ ಮೊದಲೇ ಕಥೆ ಕಡೆಯ ಯುದ್ಧಕ್ಕೆ ಓಡುತ್ತದೆ. ಕೊನೆಗೆ ಗೆದ್ದವರು ಅಪರಿಚಿತರ ಹಡಗಿನಲ್ಲಿ ಸೆರೆಯಾಗಿ ಎಚ್ಚರಗೊಳ್ಳುತ್ತಾರೆ. ಅದು ಕಥೆಯ ಅಂತ್ಯವಲ್ಲ, ಮುಂದಿನ ಸಂಪುಟದ ಜಾಹೀರಾತು.

ನಡುವಿನ ಸಂಪುಟಕ್ಕೆ ಬೇರೆ ಗತಿಯೇ ಇಲ್ಲವೆ? ಇದೆ. ಉರ್ಸುಲಾ ಲೆ ಗ್ವಿನ್ ಅವರ ಅರ್ತ್‌ಸೀ ಕಥಾಮಾಲೆಯ ಎರಡನೆಯ ಪುಸ್ತಕ 'ದಿ ಟೂಂಬ್ಸ್ ಆಫ್ ಅಟುವಾನ್' (೧೯೭೧) ಇದಕ್ಕೆ ಸಾಕ್ಷಿ. ಮೊದಲ ಪುಸ್ತಕದ ನಾಯಕನಾದ ಗೆಡ್ ಅಲ್ಲಿ ಕಥೆ ಬಹುದೂರ ಸಾಗುವವರೆಗೆ ಕಾಣಿಸಿಕೊಳ್ಳುವುದೇ ಇಲ್ಲ. ಕತ್ತಲ ದೇವತೆಗಳಿಗೆ ಒಪ್ಪಿಸಲ್ಪಟ್ಟ ಟೆನಾರ್ ಎಂಬ ಹುಡುಗಿ, ನೆಲದಡಿಯ ಸುರಂಗಗಳು, ಮೌನ: ಇಷ್ಟೇ ಸಾಮಗ್ರಿ. ಯುದ್ಧವಿಲ್ಲ. ಸೆರೆ ಸಿಕ್ಕ ವೈರಿಯನ್ನು ಕೊಲ್ಲುವುದೋ ಬಿಡುವುದೋ ಎಂಬ ಒಂದೇ ನಿರ್ಧಾರದ ಮೇಲೆ ಪುಸ್ತಕ ನಿಂತಿದೆ. ಲೆ ಗ್ವಿನ್ ಕಥೆಯನ್ನು ಹಿಗ್ಗಿಸಲಿಲ್ಲ, ಆಳಕ್ಕೆ ಇಳಿಸಿದರು. ನಡುವಿನ ಸಂಪುಟಕ್ಕೆ ಇರುವ ದಾರಿ ಅದೇ.

ಅಡೆಯೆಮಿಯವರ ಮೂರನೆಯ ಸಂಪುಟ 'ಚಿಲ್ಡ್ರನ್ ಆಫ್ ಆಂಗ್ವಿಶ್ ಅಂಡ್ ಅನಾರ್ಕಿ' ೨೦೨೪ರಲ್ಲಿ ಬಂದಿತು. ಅಲ್ಲಿ ಕಡಲಾಚೆಯ ಹೊಸ ಶತ್ರುವಿದ್ದಾನೆ. ಹೊರಗಿನ ವೈರಿ ಬಂದಾಗ ಮನೆಯ ಜಗಳ ತಾನಾಗಿ ಹಿಂದೆ ಸರಿಯುತ್ತದೆ. ಹೀಗೆ ಗೆದ್ದ ಮೇಲೆ ಏನು ಎಂಬ ಆ ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಬಹುದಾಗಿದ್ದ ಒಂದೇ ಜಾಗ ನಡುವಿನ ಸಂಪುಟವಾಗಿತ್ತು. ಅನ್ಯಾಯಕ್ಕೆ ಸಿಟ್ಟಾಗುವುದನ್ನು ಎಳೆಯರಿಗೆ ಯಾರೂ ಕಲಿಸಬೇಕಾಗಿಲ್ಲ. ಸಿಟ್ಟು ಗೆದ್ದ ಮರುದಿನ ಹೇಗೆ ಬಾಳಬೇಕೆಂಬುದೇ ಅವರು ಸಾಹಿತ್ಯದಿಂದ ನಿರೀಕ್ಷಿಸಬಹುದಾದ ತಿಳಿವಳಿಕೆ. ಮೊದಲ ಸಂಪುಟ ಅದನ್ನು ಕೊಡುವೆನೆಂದು ಮಾತು ಕೊಟ್ಟಿತ್ತು. ಎರಡನೆಯದು ಆ ಮಾತನ್ನು ಉಳಿಸಿಕೊಳ್ಳಲಿಲ್ಲ.